ಹಳೆ ಪುಸ್ತಕ ಕೊಳ್ಳುವ ಮೊದಲು ಆ ಎರಡು ಪುಟ ನೋಡಿ

ಹೈದರಾಬಾದಿನ ಆಬಿಡ್ಸ್ ಪೇಟೆಯಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳ ಶಟರ್ ಇಳಿದಿರುತ್ತದೆ. ಆ ಶಟರ್‌ಗಳ ಎದುರು, ಫುಟ್‌ಪಾತ್ ಮೇಲೆ ಹಳೆ ಪುಸ್ತಕಗಳ ಸಂತೆ ನೆರೆಯುತ್ತದೆ. ಬೇಗಂ ಬಜಾರ್‌ನಿಂದ ಅಂಗಡಿಗೆ ಫ್ಯಾನ್ಸಿ ಸಾಮಾನು ತರಲು ಉಪ್ಪಳದಿಂದ ಹೋಗುವ ನನಗೆ ಸೋಮವಾರದವರೆಗೆ ಸಗಟು ವ್ಯಾಪಾರ ಇಲ್ಲ. ಹಾಗಾಗಿ ಭಾನುವಾರದ ಬೆಳಿಗ್ಗೆ ಈ ಸಂತೆಗೆ ಮೀಸಲು. ನಮ್ಮ ಊರಿನಿಂದ ವ್ಯಾಪಾರಕ್ಕೋ ಓದಲಿಕ್ಕೋ ಹೈದರಾಬಾದಿಗೆ ಹೋಗುವವರು ಇದ್ದಾರೆ. ಅವರಿಗಾಗಿ, ನಾನು ತಪ್ಪು ಮಾಡಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲು ಈ ವ್ಯಾಪಾರದ ಲೆಕ್ಕ ತಿಳಿದಿರಲಿ. ಮನೆ ಖಾಲಿ ಮಾಡುವವರು, ಪರೀಕ್ಷೆ ಮುಗಿಸಿದ ಮಕ್ಕಳು ಪುಸ್ತಕಗಳನ್ನು ಗುಜರಿಗೆ ತೂಕದಲ್ಲಿ ಕೊಡುತ್ತಾರೆ. ಸಂತೆಯವರು ಅದರಿಂದ ಆರಿಸಿ ತರುತ್ತಾರೆ. ಒಂದು ರಾಶಿಗೆ 'ಯಾವುದೇ ತೆಗೆದುಕೊಳ್ಳಿ' ಅಂತ ಒಂದೇ ರೇಟು. ಬೇಡಿಕೆ ಇರುವ ಕಾಲೇಜು ಪುಸ್ತಕಗಳನ್ನು ಮಾತ್ರ ಬೇರೆ ಜೋಡಿಸಿ ಹೆಚ್ಚು ಹೇಳುತ್ತಾರೆ. ಕೊಂಡದ್ದು ಅಗ್ಗಕ್ಕಾದರೂ ಹೊತ್ತು ತರುವ ಕೂಲಿ, ಮಳೆಗೆ ಒದ್ದೆಯಾಗುವುದು, ಮಾರದೆ ಉಳಿಯುವುದು ಎಲ್ಲ ಅವರ ತಲೆಗೇ. ಹಾಗಾಗಿ ಚೌಕಾಸಿ ಮಾಡಿ, ಆದರೆ ಅವರ ಹೊಟ್ಟೆಗೆ ಹೊಡೆಯುವಷ್ಟು ಬೇಡ.

ರೇಟಿಗಿಂತ ಮುಖ್ಯವಾದ ವಿಷಯ ಬೇರೆ ಉಂಟು. ಪುಸ್ತಕ ಕೈಗೆ ಬಂದ ಕೂಡಲೇ ಮುಖಪುಟ ನೋಡಬೇಡಿ, ಒಳಗಿನ ಮೊದಲ ಎರಡು ಪುಟ ನೋಡಿ.

ಎರಡು ವರ್ಷದ ಹಿಂದೆ ನಾನು ನೋಡಲಿಲ್ಲ. ಬಿಕಾಂ ಓದುತ್ತಿದ್ದ ಅಕ್ಕನ ಮಗಳಿಗೆ ಇನ್‌ಕಮ್ ಟ್ಯಾಕ್ಸ್ ಪುಸ್ತಕ ಬೇಕಿತ್ತು. ಹೊಸತರ ಕಾಲು ಭಾಗದ ರೇಟಿಗೆ ಸಿಕ್ಕಿತು, ಹಾಳೆ ಒಂದೂ ಮಡಚಿರಲಿಲ್ಲ. ಖುಷಿಯಲ್ಲಿ ತಂದು ಕೊಟ್ಟೆ. ಒಂದೂವರೆ ತಿಂಗಳು ಅದನ್ನೇ ಓದಿ ಲೆಕ್ಕ ಮಾಡಿದಳು. ಪರೀಕ್ಷೆಗೆ ಇಪ್ಪತ್ತು ದಿನ ಇರುವಾಗ ಫೋನ್ ಬಂತು: "ಮಾಮ, ಇದರಲ್ಲಿರುವ ಸ್ಲ್ಯಾಬ್ ಈಗ ಇಲ್ವಂತೆ." ಪುಸ್ತಕ ನಾಲ್ಕು ವರ್ಷ ಹಳೆಯದು. ಅವಳು ಬೈಯಲಿಲ್ಲ. ಹೊಸ ಪುಸ್ತಕ ತೆಗೆದುಕೊಟ್ಟೆ, ಆದರೆ ಹೋದ ದಿನಗಳನ್ನು ಎಲ್ಲಿಂದ ತರುವುದು? ಕಾಮರ್ಸ್ ಓದಿದ ನಾನೇ ಇಂಥ ತಪ್ಪು ಮಾಡಿದೆ ಅನ್ನುವುದು ಇನ್ನೂ ಚುಚ್ಚುತ್ತದೆ.

ಹಾಗಾಗಿ ಮೊದಲು ಮುದ್ರಣದ ವರ್ಷ ನೋಡಿ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಅದು ಇರುತ್ತದೆ. ಮೊದಲ ಮುದ್ರಣದ ವರ್ಷವಲ್ಲ, ಕೊನೆಯ ಪರಿಷ್ಕೃತ ಆವೃತ್ತಿಯ ವರ್ಷ ಲೆಕ್ಕಕ್ಕೆ. ವರ್ಷ ಇರುವ ಪುಟ ಹರಿದಿದ್ದರೆ ಐಎಸ್‌ಬಿಎನ್ ಹುಡುಕಿ. ಹತ್ತು ಅಂಕಿ ಮಾತ್ರ ಇದ್ದರೆ ಅದು ಸಾಮಾನ್ಯವಾಗಿ 2007ಕ್ಕಿಂತ ಹಿಂದಿನದು, ಆಮೇಲೆ ಬಂದವಕ್ಕೆ 13 ಅಂಕಿ.

ಯಾವುದಕ್ಕೆ ವರ್ಷ ಮುಖ್ಯ? ಕಾನೂನು, ತೆರಿಗೆ, ಕಂಪೆನಿ ವಿಷಯಗಳಿಗೆ. 1956ರ ಕಂಪೆನಿ ಕಾಯ್ದೆಯ ಜಾಗಕ್ಕೆ 2013ರದ್ದು ಬಂದಿದೆ. ಜಿಎಸ್‌ಟಿ ಬಂದದ್ದು 2017ರ ಜುಲೈ 1ರಂದು. ಅದರ ನಂತರದ ಪುಸ್ತಕವಾದರೂ 5, 12, 18, 28 ಶೇಕಡಾ ಎಂಬ ನಾಲ್ಕು ದರ ಇದ್ದರೆ ಅದು 2025ರ ಸೆಪ್ಟೆಂಬರ್ 22ರ ಬದಲಾವಣೆಗಿಂತ ಹಳೆಯದು. 1961ರ ಆದಾಯ ತೆರಿಗೆ ಕಾಯ್ದೆಯ ಬದಲು 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಸೆಕ್ಷನ್ ನಂಬರುಗಳೇ ಬೇರೆ. ಕ್ರಿಮಿನಲ್ ಕಾನೂನು ಓದುವವರಿಗೂ ಹಾಗೆಯೇ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ.

ವರ್ಷ ಅಷ್ಟು ತಲೆಬಿಸಿ ಮಾಡದ ಪುಸ್ತಕಗಳೂ ಉಂಟು. ಜಮೆ-ಖರ್ಚಿನ ಮೂಲ ಪಾಠ, ಗಣಿತ, ಸಂಖ್ಯಾಶಾಸ್ತ್ರ, ವ್ಯಾಕರಣ, ನಿಘಂಟು, ಕಥೆ ಕಾದಂಬರಿ. ಇವಕ್ಕೆ ಆಬಿಡ್ಸ್ ಒಳ್ಳೆ ಜಾಗ. ಅಪರೂಪಕ್ಕೆ ಕನ್ನಡ ಪುಸ್ತಕವೂ ರಾಶಿಯಲ್ಲಿ ಸಿಗುತ್ತದೆ. ಅದರಲ್ಲಿ ಆಶ್ಚರ್ಯ ಇಲ್ಲ: 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು, ಅಲ್ಲಿನ ಕನ್ನಡಿಗರು ಓದಲಿಕ್ಕೆ, ಕೆಲಸಕ್ಕೆ ಈ ನಗರಕ್ಕೇ ಬರುತ್ತಿದ್ದರು. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಇಂದಿಗೂ ಉಂಟು.

ಅಕ್ಷರ ಮಸುಕು, ಹಾಳೆ ತೆಳು, ಒತ್ತಿ ತೆರೆದರೆ ಅಂಟು ಬಿಡುತ್ತದೆ ಅಂತಾದರೆ ಅದು ಕಳ್ಳ ಮುದ್ರಣ ಇರಬಹುದು. ಬರೆದವನಿಗೆ ಸಲ್ಲಬೇಕಾದ ಹಕ್ಕು ಕಡಿದ ಪುಸ್ತಕ ಅದು. ಅಗ್ಗ ಅಂತ ಮುಟ್ಟಬೇಡಿ.

ಎರಡನೆಯದಾಗಿ ಮೊಹರು ನೋಡಿ. ಲೈಬ್ರರಿಯ ಮೊಹರು ಇದ್ದು, ರದ್ದು ಮಾಡಿದ ಗುರುತು ಇಲ್ಲದಿದ್ದರೆ ಮಾರಿದವನನ್ನು ವಿಚಾರಿಸಿ. ಒಮ್ಮೆ ಉರ್ದು ಪುಸ್ತಕಗಳ ರಾಶಿಯಲ್ಲಿ ದಪ್ಪ ರಟ್ಟಿನ ಧಾರ್ಮಿಕ ಗ್ರಂಥವೊಂದನ್ನು ತೆರೆದೆ. ನನಗೆ ಉರ್ದು ಬಾರದು. ಆದರೆ ಮದ್ರಸದಲ್ಲಿ ಅರಬಿ ಅಕ್ಷರ ಕಲಿತವರಿಗೆ ಆ ನೀಲಿ ಮೊಹರಿನ ಒಂದು ಪದ ಓದಲಿಕ್ಕೆ ಕಷ್ಟ ಇಲ್ಲ: ವಖ್ಫ್. ವಖ್ಫ್ ಮಾಡಿದ್ದನ್ನು ಮಾರಲಿಕ್ಕಿಲ್ಲ, ದಾನ ಕೊಡಲಿಕ್ಕಿಲ್ಲ, ಪಾಲು ಹಂಚಲಿಕ್ಕಿಲ್ಲ ಅಂತ ಉಸ್ತಾದರು ಹೇಳಿದ್ದು ನೆನಪಾಯಿತು. ಮಾರುವವನಿಗೆ ತೋರಿಸಿದೆ. "ಗುಜರಿಯ ಮೂಟೆಯಲ್ಲಿ ಬಂದದ್ದು ಭಾಯ್, ನನಗೇನು ಗೊತ್ತು?" ಅಂದ. ಅವನದ್ದೂ ಸುಳ್ಳಲ್ಲ. ಅಲ್ಲೇ ಬಿಟ್ಟರೆ ಸಂಜೆಗೆ ಯಾರ ಕೈಗೋ. ಅವನು ಹಾಕಿದ ನಲವತ್ತು ರೂಪಾಯಿ ಕೊಟ್ಟೆ. ನನಗಾಗಿ ಕೊಂಡದ್ದಲ್ಲ, ಬಿಡಿಸಿ ತಂದದ್ದು ಅಂತ ನಿಯ್ಯತ್ ಮಾಡಿಕೊಂಡೆ. ಹತ್ತಿರದ ಮಸೀದಿಯ ಇಮಾಮರ ಕೈಗೆ ಒಪ್ಪಿಸಿದೆ. ಮೊಹರಿನಲ್ಲಿದ್ದ ಮದ್ರಸಕ್ಕೆ ತಲುಪಿಸುತ್ತೇನೆ ಅಂದರು.

ಅಂದಿನಿಂದ ನಮ್ಮ ಮನೆಯ ಕಪಾಟನ್ನೂ ಒಮ್ಮೆ ನೋಡಿದೆ. ಉಪ್ಪನ ಕಾಲದಲ್ಲಿ ಓದಲಿಕ್ಕೆ ತಂದ ಎರಡು ಕಿತಾಬುಗಳಲ್ಲಿ ನಮ್ಮ ಮಸೀದಿಯ ಮೊಹರೇ ಇತ್ತು. ವಾಪಸ್ ಕೊಟ್ಟೆ. ನಿಮ್ಮ ಕಪಾಟೂ ಒಮ್ಮೆ ನೋಡಿ.

ಕೊನೆಯದಾಗಿ, ಗುಜರಿಗೆ ತೂಕ ಹಾಕುವ ಮೊದಲು ಪಕ್ಕದ ಮನೆಯಲ್ಲಿ ಓದುವ ಮಕ್ಕಳಿದ್ದಾರಾ ಅಂತ ಕೇಳಿ. ತೂಕಕ್ಕೆ ಸಿಗುವ ಕಾಸು ಒಂದು ಚಹಾಕ್ಕೆ ಸಾಕಾಗಬಹುದು, ಆ ಮಗುವಿಗೆ ಅದು ಒಂದು ವರ್ಷದ ಓದು. ಶಾಲೆ ಶುರುವಾಗುವ ಮೊದಲು ಜಮಾಅತಿನ ಹಾಲ್‌ನಲ್ಲಿ ಒಂದು ಭಾನುವಾರ ಪುಸ್ತಕ ಕೊಟ್ಟು ತೆಗೆದುಕೊಳ್ಳಲಿಕ್ಕೆ ಇಟ್ಟರೆ ಖರ್ಚೇ ಇಲ್ಲ. ಕೊಡುವಾಗ ಮೊದಲ ಪುಟದಲ್ಲಿ ವರ್ಷ ಬರೆಯಲು ಮರೆಯಬೇಡಿ.

ಅಕ್ಕನ ಮಗಳು ಈಗ ಪಾಸಾಗಿದ್ದಾಳೆ. ತನ್ನ ಪುಸ್ತಕಗಳನ್ನು ನೆರೆಮನೆಯ ಹುಡುಗಿಗೆ ಕೊಟ್ಟಳು. ಒಂದರ ಮೊದಲ ಪುಟದಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದಾಳೆ: "ಜಿಎಸ್‌ಟಿ ದರ ಇದರಲ್ಲಿ ಓದಬೇಡ, ಬದಲಾಗಿದೆ. ಉಳಿದದ್ದು ಸರಿ ಉಂಟು."