ನಿಮಗಿದು ಗೊತ್ತೆ? ಕಾಲು ಹರಡಿದ ಕೋಳಿಮರಿಯೂ ನಡೆಯಬಲ್ಲದು

ಮರ್ಕಂಜದಂಥ ಅಡಿಕೆ ತೋಟದ ಊರಲ್ಲಿ ಹಾಳೆಗೇನು ಬರ? ಆದರೆ ಎಳೆಯ ಕೋಳಿಮರಿಗೆ ಅದನ್ನು ಹಾಸಬೇಡಿ. ಅಡಿಕೆ ಹಾಳೆ, ಪತ್ರಿಕೆ ಕಾಗದದಂಥ ನುಣುಪು ಹಾಸಿನ ಮೇಲೆ ಮರಿಯ ಕಾಲುಗಳು ಎರಡೂ ಬದಿಗೆ ಜಾರಿ ಹರಡಿಕೊಳ್ಳುತ್ತವೆ. ಇದು ಮೂಳೆ ಮುರಿತವಲ್ಲ; ಮರಿಯನ್ನು ಕೈಬಿಡುವುದು ತಪ್ಪು. ಹುಟ್ಟಿದ ಎರಡು ಮೂರು ದಿನದೊಳಗೆ ಕಾಲುಗಳನ್ನು ಸಹಜ ಅಂತರದಲ್ಲಿಟ್ಟು, ಮೆತ್ತನೆಯ ಬ್ಯಾಂಡೇಜ್ ಪಟ್ಟಿಯಿಂದ ಬಿಗಿಯದಂತೆ ಜೋಡಿಸಿ, ಗೋಣಿಚೀಲದ ಮೇಲೆ ಬಿಡಿ. ನೀರು, ಆಹಾರ ಕೊಕ್ಕಿಗೆ ಎಟುಕುವಂತಿರಲಿ. ಹೆಚ್ಚಿನವು ಕೆಲವೇ ದಿನಗಳಲ್ಲಿ ನೆಟ್ಟಗೆ ನಿಲ್ಲುತ್ತವೆ.

ಮರಿಯ ಕಾಲ್ಬೆರಳು ಒಳಕ್ಕೆ ಮುದುಡಿದ್ದರೆ ಬಿ2 ಜೀವಸತ್ವದ ಕೊರತೆಯಿರಬಹುದು, ಪಶುವೈದ್ಯರಿಗೆ ತೋರಿಸಿ. ಬೆಳೆಯುವ ಕೋಳಿ ಒಂದು ಕಾಲನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಚಾಚಿ ಬಿದ್ದರೆ ಮಾರೆಕ್ ರೋಗದ ಶಂಕೆ. ವೈರಸ್‌ನಿಂದ ಬರುವ ಈ ರೋಗಕ್ಕೆ ಚಿಕಿತ್ಸೆಯಿಲ್ಲ. ಲಸಿಕೆಯನ್ನು ಮರಿ ಹುಟ್ಟಿದ ದಿನವೇ ಹಾಕಿಸಬೇಕು.