ಕಪಾಟಿನ ಲೆಕ್ಕ

ಅಕೌಂಟೆನ್ಸಿಯಲ್ಲಿ ಬಂಡವಾಳ ವೆಚ್ಚ, ಆದಾಯ ವೆಚ್ಚ ಎಂದು ಓದುತ್ತೇವೆ. ಶಾಲಾ ಗ್ರಂಥಾಲಯಕ್ಕೂ ಇದೇ ಲೆಕ್ಕ. ಕಪಾಟು ಒಮ್ಮೆ ಕೊಂಡರಾಯಿತು. ಬೈಂಡಿಂಗ್, ಪತ್ರಿಕೆ, ಪುಸ್ತಕ ಕೊಡುವವರ ಸಂಬಳ ಪ್ರತಿ ವರ್ಷವೂ ಬೇಕು. ದಾನಿಗಳಿಗೆ ಕಪಾಟೇ ಇಷ್ಟ, ಹೆಸರು ಬರೆಸಬಹುದಲ್ಲ! ಆದರೆ 500 ಪುಸ್ತಕಗಳಿದ್ದು ವರ್ಷಕ್ಕೆ 100 ಸಲ ಮಾತ್ರ ಹೊರಹೋದರೆ, ಅದು ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಸರಕಿನಂತೆ.

ಎಸ್. ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯವನ್ನು ಬೆಳೆಯುವ ಜೀವಿಗೆ ಹೋಲಿಸಿದ್ದರು. ಬೆಳೆಯಲು ಜಾಗ ಬೇಕು. ಯಾರೂ ಮುಟ್ಟದ ಹಳೆಯ ಗೈಡುಗಳನ್ನು ತೆಗೆಯಬೇಕು. ಪಕ್ಷಿಧಾಮವಿರುವ ಅತ್ತಿವೇರಿಯಂಥ ಊರಿನಲ್ಲಿ ಅಲ್ಲಿಗೆ ಮೊದಲು ಹಕ್ಕಿಗಳ ಪುಸ್ತಕ ಬರಲಿ, ಜೊತೆಗೆ ನಾಲ್ಕು ಉರ್ದು ಕಥೆಪುಸ್ತಕ. ಗ್ರಂಥಪಾಲಕರಿಲ್ಲದಿದ್ದರೆ ಒಬ್ಬ ಶಿಕ್ಷಕರ ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಪೀರಿಯಡ್ ಇದಕ್ಕೆಂದೇ ಬರೆದಿಡಬೇಕು, ಕಪಾಟಿನ ಕೀಲಿಯೂ ಅವರ ಕೈಯಲ್ಲೇ ಇರಬೇಕು.