ಜಿಗಿಯುವ ಜೇಡ ಮತ್ತು ಮರಿಗಳು: ಗುರುತು ಮತ್ತು ರಕ್ಷಣೆ

ದಶಲಕ್ಷಣ ಪರ್ವಕ್ಕೆ ಮನೆ ಶುಚಿ ಮಾಡುವಾಗ ಬಾಗಿಲ ಮೂಲೆಯಲ್ಲೋ ಗೋಡೆಯ ಫೋಟೋದ ಹಿಂದೆಯೋ ಬಿಳಿ ರೇಷ್ಮೆಯಂಥ ಚಿಕ್ಕ ಗೂಡು ಕಾಣುವುದುಂಟು. ಪೊರಕೆ ಹಾಕುವ ಮುನ್ನ ಗಮನಿಸಿ. ಒಳಗೆ ತಾಯಿ ಜೇಡ ಮೊಟ್ಟೆ ಕಾಯುತ್ತಿರಬಹುದು.

ಗುರುತು: ಪುಟ್ಟ ರೋಮಮಯ ದೇಹ, ಗಿಡ್ಡ ಕಾಲುಗಳು. ಎಂಟು ಕಣ್ಣುಗಳಲ್ಲಿ ಮುಂದಿನ ಎರಡು ದೊಡ್ಡವು. ಹತ್ತಿರ ಹೋದರೆ ತಿರುಗಿ ನೋಡುತ್ತದೆ. ಬೇಟೆಗೆ ಬಲೆ ನೇಯದೆ ಜಿಗಿದು ನೊಣ, ಸೊಳ್ಳೆ ಹಿಡಿಯುತ್ತದೆ. ಮನುಷ್ಯರಿಗೆ ಅಪಾಯವಿಲ್ಲ. ಶಾಸ್ತ್ರದಲ್ಲಿ ಜೇಡ ಚತುರಿಂದ್ರಿಯ ಜೀವ. ನಾಲ್ಕನೆಯ ಇಂದ್ರಿಯವೇ ಕಣ್ಣು.

ರಕ್ಷಣೆ: ಗೂಡನ್ನು ಕೀಳಬಾರದು. ಮೊಟ್ಟೆಯೊಡೆಯಲು ಸುಮಾರು ಎರಡು ಮೂರು ವಾರ ಬೇಕು. ಮರಿಗಳು ಕೆಲ ದಿನ ಗೂಡಿನಲ್ಲೇ ಇದ್ದು, ಬಳಿಕ ತಾವಾಗಿಯೇ ಚದುರುತ್ತವೆ. ಅಲ್ಲಿಯವರೆಗೆ ಆ ಮೂಲೆಗೆ ಸುಣ್ಣ, ಕೀಟನಾಶಕ ಬೇಡ.

ಕರುಣೆಯಿಂದ ಬಾಟಲಿಯಲ್ಲಿಟ್ಟು ಸಾಕುವುದೂ ತಪ್ಪು. ಅದಕ್ಕೆ ಜೀವಂತ ಹುಳುಗಳನ್ನೇ ಹಾಕಬೇಕಾಗುತ್ತದೆ. ಒಟ್ಟಿಗೆ ಕೂಡಿಹಾಕಿದ ಮರಿಗಳು ಒಂದನ್ನೊಂದು ತಿನ್ನುತ್ತವೆ. ರಕ್ಷಿಸಲು ಹೋಗಿ ಹಿಂಸೆಗೆ ನಾವೇ ಕಾರಣರಾಗುತ್ತೇವೆ.

ಗೂಡಿಲ್ಲದ ಒಂಟಿ ಜೇಡ ಓಡಾಡುವ ಜಾಗದಲ್ಲಿ ಕಂಡರೆ ಲೋಟ ಮುಚ್ಚಿ, ಕೆಳಗೆ ಕಾಗದ ತೂರಿಸಿ, ನೆರಳಿನ ಗಿಡದ ಮೇಲೆ ಬಿಡಿ. ಗೂಡಿದ್ದರೆ ಆ ಒಂದು ಮೂಲೆಯನ್ನು ತಿಂಗಳ ನಂತರ ಗುಡಿಸಿದರಾಯಿತು.